ಟವಲಿನ ಕೆಳಗಿನ ಕಾಮೆಂಟರಿ

ನಮ್ಮ ದಲ್ಲಾಳಿ ಮಾವನ ಬಲಗೈಯ ತೋರುಬೆರಳು ಅರ್ಧಕ್ಕೇ ಮುಗಿದಿತ್ತು. ನಡುಗೆಣ್ಣಿನ ಮೇಲೆ ಚರ್ಮ ಗಂಟು ಕಟ್ಟಿಕೊಂಡು ಹುಣಸೆಬೀಜದ ಹಾಗೆ ನುಣ್ಣಗೆ ಹೊಳೆಯುತ್ತಿತ್ತು. ಹರೆಯದಲ್ಲಿ ಒಮ್ಮೆ ಹಗ್ಗವನ್ನು ಬೆರಳಿಗೆ ಸುತ್ತಿಕೊಂಡು ಎತ್ತು ಹಿಡಿದು ನಿಂತಿದ್ದಾಗ, ಲಾರಿಯ ಹಾರನ್ನಿಗೆ ಅದು ಬೆದರಿ ಹಾರಿತಂತೆ. ಬೆರಳಿನ ತುದಿ ಹಗ್ಗದ ಜೊತೆಗೇ ಹೋಯಿತಂತೆ. ಈ ಕಥೆ ಹೇಳುವಾಗಲೆಲ್ಲ ಎತ್ತು ಒಂದಿಷ್ಟು ಬೆಳೆಯುತ್ತಿತ್ತು. ನಾನು ಕೊನೆಯ ಸಲ ಕೇಳಿದಾಗ ಅದು ಹೆಚ್ಚುಕಡಿಮೆ ಆನೆಯ ಗಾತ್ರಕ್ಕೆ ಬಂದಿತ್ತು. "ಬೆರಳು ಹೋದ್ರೆ ಹೋಗ್ಲಿ, ಎತ್ತನ್ನ ಅವತ್ತೇ ಮಾರಿಬಿಟ್ಟೆ" ಎಂದು ಮೀಸೆಯಲ್ಲೇ ನಕ್ಕು ಕಥೆ ಮುಗಿಸುತ್ತಿದ್ದರು.

ಅವರು ನನ್ನ ತಾಯಿಯ ಅಣ್ಣ. ಪೊಳ್ಳಾಚಿಯ ದನದ ಸಂತೆಯಲ್ಲಿ ದಲ್ಲಾಳಿ. ನಮ್ಮದು ಉಡುಮಲೆ ರಸ್ತೆಯ ಪಕ್ಕದ ಒಂದು ಹಳ್ಳಿ. ಸುತ್ತ ತೆಂಗು, ನಡುನಡುವೆ ನಮ್ಮಂಥ ಕನ್ನಡದ ಮನೆಗಳು. ಎಷ್ಟು ತಲೆಮಾರಿನ ಹಿಂದೆ ಬಂದವರೋ ನಮಗೇ ಗೊತ್ತಿಲ್ಲ. ಹೊಸ್ತಿಲ ಒಳಗೆ ಕನ್ನಡ, ಹೊರಗೆ ಕಾಲಿಟ್ಟರೆ ತಮಿಳು. ನನ್ನನ್ನು ಅದೇ ಊರಿಗೆ ಮದುವೆ ಮಾಡಿಕೊಟ್ಟರು. ಗಂಡನ ಮನೆಯವರದು ಕೊಬ್ಬರಿ ಕಣ: ತೆಂಗಿನಕಾಯಿ ಸುಲಿಸಿ, ಒಡೆಸಿ, ಬಿಸಿಲಿಗೆ ಹರಡಿ ಒಣಗಿಸಿ ಕಾಂಗೇಯದ ಎಣ್ಣೆ ಗಿರಣಿಗಳಿಗೆ ಕಳಿಸುವ ಕೆಲಸ. ಕಣದ ಪಕ್ಕದ ಗೋಡೆಯಾಚೆ ಮಾವನ ಮನೆ. ಹಾಗಾಗಿ ನಾನು ಮದುವೆಯಾಗಿ ಹೋದದ್ದು ತಮ್ಮಿಂದ ಒಂದು ಗೋಡೆಯಷ್ಟು ದೂರ ಎಂದು ಅವರು ಛೇಡಿಸುತ್ತಿದ್ದರು.

ಸಂತೆಯಲ್ಲಿ ಮಾವ ಮೂಗರು. ದನದ ವ್ಯಾಪಾರ ಗೊತ್ತಿಲ್ಲದವರಿಗೆ ಇದನ್ನು ಬಿಡಿಸಿ ಹೇಳಬೇಕು. ಅಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ದಲ್ಲಾಳಿ ಹೆಗಲ ಟವಲು ತೆಗೆದು ತನ್ನ ಕೈ ಮೇಲೂ ಎದುರಿನವನ ಕೈ ಮೇಲೂ ಹಾಸುತ್ತಾನೆ. ಅದರ ಕೆಳಗೆ ಬೆರಳು ಬೆರಳನ್ನು ಹಿಡಿಯುತ್ತದೆ. ಎಷ್ಟು ಬೆರಳು ಹಿಡಿದರೆ ಅಷ್ಟು. ಇಡೀ ಅಂಗೈ ಹಿಡಿದರೆ ಐದು. ಪಕ್ಕದಲ್ಲಿ ನೂರು ಜನ ನಿಂತಿದ್ದರೂ ಯಾರಿಗೂ ತಿಳಿಯುವುದಿಲ್ಲ. ಮುಖದಲ್ಲಿ ಏನೂ ಕಾಣಿಸಬಾರದು. ಬೆಲೆ ಕುದುರುವವರೆಗೆ ಕೈ ಬಿಡಬಾರದು. ಮೊದಲು ಕೈ ಎಳೆದುಕೊಂಡವನು ವ್ಯಾಪಾರ, ನಮ್ಮ ಮಾತಲ್ಲಿ ಯಾವಾರ, ಮುರಿದ ಹಾಗೆ. ಕುದುರಿತೋ, ದಲ್ಲಾಳಿ ಟವಲನ್ನು ಕಿತ್ತೆಳೆದು ಹೆಗಲಿಗೆ ಎಸೆದುಕೊಂಡು "ಮುಗೀತು!" ಎಂದು ಕೂಗುತ್ತಾನೆ. ಬೆಳಗಿನಿಂದ ಮಧ್ಯಾಹ್ನದವರೆಗೆ ಮಾವನ ಬಾಯಿಂದ ಹೊರಡುತ್ತಿದ್ದದ್ದು ಆ ಒಂದೇ ಮಾತು.

ಮನೆಗೆ ಬಂದು ಟಿವಿಯ ಮುಂದೆ ಕೂತರೆ ಮಾತ್ರ ಅಷ್ಟೂ ಹೊತ್ತಿನ ಬಾಕಿ ತೀರಿಸುತ್ತಿದ್ದರು. ಕ್ರಿಕೆಟ್ಟು ಅವರ ಹುಚ್ಚು. ನಮ್ಮ ಕಣದ ಶೀಟಿನ ಚಪ್ಪರದ ಕೆಳಗೆ ಟಿವಿ ಇತ್ತು. ಆಟ ಇದ್ದ ದಿನ ಕಾಯಿ ಸುಲಿಯುವವರು, ಕೊಬ್ಬರಿ ತೋಡುವ ಹೆಂಗಸರು, ಅಕ್ಕಪಕ್ಕದ ಮನೆಯವರು ಎಲ್ಲ ಅಲ್ಲೇ. ಮಾವ ಬಂದವರೇ ಮೊದಲು ಟಿವಿಯ ಶಬ್ದ ಬಂದ್ ಮಾಡುತ್ತಿದ್ದರು. "ಅವ್ರಿಗೆ ಏನ್ ತಿಳೀತದೆ? ಕೋಟು ಹಾಕ್ಕಂಡು ಕೂತವ್ರೆ" ಎಂದು ತಾವೇ ಕಾಮೆಂಟರಿ ಶುರು ಮಾಡುತ್ತಿದ್ದರು. ಅದು ನಮ್ಮ ಮನೆಯ ಕನ್ನಡದಲ್ಲಿ, ಅರ್ಧಕ್ಕರ್ಧ ತಮಿಳು ಬೆರೆತದ್ದು.

"ಓಡಿ ಬತ್ತಾನೆ, ಓಡಿ ಬತ್ತಾನೆ... ಮುಂಗಾಲು ನೋಡು ಅಮ್ಮಣಿ, ಎತ್ತಿ ಇಡ್ತಾನೆ. ಹಿಂಗಾಲು ಎಳೀತದೆ. ಇವ ಇನ್ನ ಎರಡು ಓವರು. ಆಮ್ಯಾಲೆ ಕೊಟ್ಟಿಗೆನೇ!"

ಅವರಿಗೆ ಎಲ್ಲವೂ ದನವೇ, ವಯಸ್ಸೂ ಹಲ್ಲಿನ ಲೆಕ್ಕದಲ್ಲೇ. ಹೊಸದಾಗಿ ತಂಡಕ್ಕೆ ಬಂದ ಹುಡುಗ ಎರಡು ಹಲ್ಲಿನವ. ನಾಲ್ಕಾರು ವರ್ಷ ಆಡಿದವನಿಗೆ ಆರು ಹಲ್ಲು. ನಿವೃತ್ತಿಯ ಹತ್ತಿರ ಬಂದವನು ಹಲ್ಲೆಲ್ಲ ಬಂದು ಬಾಯಿಗೂಡಿದ ಎತ್ತು. ಹೊಡೆಯಲೂ ಬಾರದ, ಔಟೂ ಆಗದವನನ್ನು "ಗಾಡಿಗೂ ಇಲ್ಲ, ಏರಿಗೂ ಇಲ್ಲ" ಎಂದು ತಳ್ಳಿಹಾಕುತ್ತಿದ್ದರು. ಟೆಸ್ಟ್ ಪಂದ್ಯವೆಂದರೆ ಅವರಿಗೆ ಪ್ರಾಣ. ಆದರೆ ಡ್ರಾ ಆದರೆ ಉರಿದು ಬೀಳುತ್ತಿದ್ದರು. "ಐದು ದಿನ ನಿಂತು ಡ್ರಾ ಅಂದ್ರೆ, ಸಂತೆಗೆ ಹೊಡ್ಕೊಂಡು ಹೋದ ಎತ್ತನ್ನ ಹಂಗೇ ಮನೆಗೆ ಹೊಡ್ಕೊಂಡು ಬಂದಂಗೆ. ದಾರಿಯಲ್ಲಿ ಕಂಡವ್ರೆಲ್ಲ ಕೇಳ್ತಾರೆ, ಮಾನ ಹೋಯ್ತದೆ" ಎನ್ನುತ್ತಿದ್ದರು.

ಎಲ್‌ಬಿಡಬ್ಲ್ಯೂ ವಿಷಯದಲ್ಲಿ ಮಾತ್ರ ಅವರಷ್ಟು ಅನ್ಯಾಯದ ಮನುಷ್ಯ ಇನ್ನೊಬ್ಬರಿಲ್ಲ. ನಮ್ಮವರಿಗೆ ಕೊಟ್ಟರೆ "ಔಟಿಲ್ಲ!", ಎದುರಿನವರಿಗೆ ಕೊಡದಿದ್ದರೆ "ಕಣ್ಣಿಲ್ಲ ಅವನಿಗೆ!". ಕೂಡಲೇ ಅರ್ಧ ಬೆರಳನ್ನು ಅಂಪೈರಿನ ಕಡೆಗೆ ಎತ್ತಿ ಅಲ್ಲಾಡಿಸುತ್ತಿದ್ದರು: ನಿನ್ನದು ಅರ್ಧ ಬೆರಳು, ನಿನ್ನ ತೀರ್ಪು ನಡೆಯುವುದಿಲ್ಲ ಎಂದು ಅದರ ಅರ್ಥ. ಆಮೇಲೆ ದೊಡ್ಡ ಪರದೆಯಲ್ಲಿ ಚೆಂಡು ನೇರ ನಡುವಿನ ಸ್ಟಂಪಿಗೆ ಬಡಿಯುವುದು ಕಾಣಿಸುತ್ತಿತ್ತು. ಇಷ್ಟು ವರ್ಷಗಳಲ್ಲಿ ಮಾವನ ಅರ್ಧ ಬೆರಳು ಒಮ್ಮೆಯಾದರೂ ಸರಿ ಹೇಳಿದ್ದು ನನಗೆ ನೆನಪಿಲ್ಲ. ಕಣದ ಹೆಂಗಸರಲ್ಲಿ ಹಿರಿಯಳಾದ ಪಾಪಾತ್ತಿ, ತಮಿಳಿನವಳು, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಆದರೂ ಅವಳೇ ಹೇಳುತ್ತಿದ್ದಳು, "ಅಣ್ಣನ್ ವಾಯಿಲೆ ಕೇಟ್ಟಾತ್ತಾನ್ ಮ್ಯಾಚು." ಅಣ್ಣನ ಬಾಯಲ್ಲಿ ಕೇಳಿದರೇನೇ ಅದು ಮ್ಯಾಚು.

ಬೆರಳಿನ ಭಾಷೆಯನ್ನು ನನಗೆ ಕಲಿಸಿದವರೂ ಅವರೇ. ನಾನು ಚಿಕ್ಕವಳಿದ್ದಾಗ ಜಗಲಿಯ ಮೇಲೆ ಕೂರಿಸಿಕೊಂಡು, ಟವಲು ಹಾಸಿ, ಕಡಲೆಮಿಠಾಯಿಗೆ ಬೆಲೆ ಕುದುರಿಸುತ್ತಿದ್ದರು. ನಾನು ಮೂರು ಬೆರಳು ಹಿಡಿದರೆ ಅವರು ಎರಡು ಬಿಡಿಸುವರು. ಹೆಣ್ಣು ಹುಡುಗಿಗೆ ಸಂತೆಯ ವಿದ್ಯೆ ಯಾಕೆ ಎಂದು ನನ್ನ ತಾಯಿ ಬೈದರೆ, "ಬೆರಳಿಗೆ ಗಂಡು ಹೆಣ್ಣು ಅಂತ ಇಲ್ಲೆ. ಇವ್ಳು ಬಾಯಿ ಬಿಡಲ್ಲ, ಬೆರಳಾದ್ರೂ ಮಾತಾಡ್ಲಿ" ಎಂದಿದ್ದರು.

ನಾನು ಬಾಯಿ ಬಿಡದಿದ್ದುದಕ್ಕೆ ಕಾರಣವಿತ್ತು. ಶಾಲೆಯಲ್ಲಿ ತಮಿಳು ಮಾತಾಡಿದರೆ ಅದರೊಳಗೆ ಕನ್ನಡ ಇಣುಕುತ್ತಿತ್ತು, ಹುಡುಗಿಯರು ನಗುತ್ತಿದ್ದರು. ಒಮ್ಮೆ ಮೈಸೂರು ಕಡೆಯ ನೆಂಟರ ಮದುವೆಗೆ ಹೋಗಿ ಕನ್ನಡ ಮಾತಾಡಿದೆ; ಅದರೊಳಗೆ ತಮಿಳು ಇಣುಕಿತು. ಅವರು ಇನ್ನೂ ಹೆಚ್ಚು ನಕ್ಕರು, ನನ್ನ ಮಾತನ್ನು ನನಗೇ ಅಣಕಿಸಿ ತೋರಿಸಿದರು. ಅವತ್ತಿನಿಂದ ನಾಲ್ಕು ಜನರ ಮುಂದೆ ಎರಡೂ ಭಾಷೆಯಲ್ಲಿ ಬಾಯಿ ಮುಚ್ಚಿಕೊಂಡೆ. ಮನೆಯವರ ಜೊತೆ ಬಿಟ್ಟರೆ ತಲೆ ಆಡಿಸುವುದರಲ್ಲೇ ನನ್ನ ಅರ್ಧ ಬದುಕು ನಡೆಯಿತು. ಮಾವನಿಗೆ ಇದು ಸಹಿಸುತ್ತಿರಲಿಲ್ಲ. "ನಮ್ಮ ಮಾತು ನಮ್ಮ ಹಸು ಅಮ್ಮಣಿ. ಕೊಂಬು ಒಂಥರಾ ಇರ್ಬೋದು, ಹಾಲು ಬೆಳ್ಳಗೇ ಇರ್ತದೆ" ಎಂದು ಎಷ್ಟು ಸಲ ಹೇಳಿದರೋ. ನಾನು ಅದಕ್ಕೂ ತಲೆ ಆಡಿಸುತ್ತಿದ್ದೆ.

ಕೆಲವು ವರ್ಷಗಳ ಹಿಂದೆ ಮಾವನ ಗಂಟಲಲ್ಲಿ ಗಂಟು ಕಾಣಿಸಿತು. ಕೊಯಮತ್ತೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ ಜೀವ ಉಳಿಸಿದರು. ಆದರೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಯಿತು. ಕತ್ತಿನ ಬುಡದಲ್ಲಿ ಉಸಿರಾಟಕ್ಕೆ ಒಂದು ತೂತು, ಅದರ ಮೇಲೆ ಸಣ್ಣ ಬಿಳಿಬಟ್ಟೆ. ಮಾತು ಹೋಯಿತು. ಗಂಟಲಿಗೆ ಒತ್ತಿ ಹಿಡಿದರೆ ಮಾತಾಡಿಸುವ ಒಂದು ಯಂತ್ರವನ್ನು ತಂದುಕೊಟ್ಟೆವು. ಒಂದೇ ಸಲ ಹಿಡಿದು ನೋಡಿದರು. ಬಸ್‌ಸ್ಟ್ಯಾಂಡಿನ ಅನೌನ್ಸ್‌ಮೆಂಟಿನ ಹಾಗೆ ಏನೋ ಕರಕರ ಎಂದಿತು. ಅದನ್ನು ಒಯ್ದು ಹಿಂಡಿಯ ಡಬ್ಬಿಯೊಳಗೆ ಹಾಕಿ ಮುಚ್ಚಳ ಮುಚ್ಚಿದರು.

ಅಲ್ಲಿಂದ ಮಾವ ಮನೆ ಬಿಟ್ಟು ಹೊರಗೆ ಬರಲಿಲ್ಲ. ಹೆಗಲ ಮೇಲಿದ್ದ ಟವಲು ಕತ್ತಿಗೆ ಏರಿತು. ಸೆಖೆ ಇರಲಿ, ಸ್ನಾನದ ಹೊತ್ತಿರಲಿ, ಕತ್ತಿಗೆ ಎರಡು ಸುತ್ತು ಸುತ್ತಿಕೊಂಡೇ ಇರುತ್ತಿದ್ದರು. ಆ ತೂತನ್ನು ತಮ್ಮ ಹೆಂಡತಿಗೂ, ಅಂದರೆ ನನ್ನ ಅತ್ತೆಗೂ, ತೋರಿಸುತ್ತಿರಲಿಲ್ಲ; ಬಟ್ಟೆಯನ್ನು ತಾವೇ ಬದಲಿಸಿಕೊಳ್ಳುತ್ತಿದ್ದರು. ಸಂತೆಯವರು ನೋಡಲು ಬಂದರೆ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದರು. ಟಿವಿಯನ್ನು ಹಾಕಗೊಡುತ್ತಿರಲಿಲ್ಲ. ನಮ್ಮ ಕಣದಲ್ಲೂ ಆಟದ ಹುರುಪು ಇಳಿದುಹೋಯಿತು. ಟಿವಿಯ ಶಬ್ದ ಜೋರಾಗಿಯೇ ಇರುತ್ತಿತ್ತು, ಕೋಟಿನವರು ಚೆನ್ನಾಗಿಯೇ ಮಾತಾಡುತ್ತಿದ್ದರು, ಆದರೆ ಯಾರೂ ಹೆಚ್ಚು ಹೊತ್ತು ಕೂರುತ್ತಿರಲಿಲ್ಲ.

ಅದರ ಮುಂದಿನ ಜನವರಿಯಲ್ಲಿ ನಮ್ಮವರು ಆಸ್ಟ್ರೇಲಿಯಾದಲ್ಲಿ ಟೆಸ್ಟ್ ಆಡುತ್ತಿದ್ದರು. ಪೊಂಗಲ್ ಮುಗಿದು ಕಣದ ಕೆಲಸ ಇನ್ನೂ ಸರಿಯಾಗಿ ಶುರುವಾಗಿರಲಿಲ್ಲ. ಕೊನೆಯ ದಿನ ಬೆಳಗ್ಗೆ ಅತ್ತೆ ಗೋಡೆಯಾಚೆಯಿಂದ ನನ್ನನ್ನು ಕರೆದರು. ಕಣ್ಣು ಊದಿಕೊಂಡಿತ್ತು.

"ಅಮ್ಮಣಿ, ಮೂರು ದಿನದಿಂದ ಗಂಜೀನೂ ಸೆರಿಯಾಗಿ ಕುಡೀಲಿಲ್ಲೆ. ಹಿಂಗೇ ಗೋಡೆ ನೋಡ್ಕೊಂಡು ಹೋಗ್ಬಿಡ್ತಾರೆ. ಒಂದ್ಸಲ ಕರ್ಕೊಂಡು ಹೋಗು. ಕೂತು ನೋಡಿ ಬರ್ಲಿ ಸಾಕು" ಎಂದರು.

ನಾನು ಒಳಗೆ ಹೋಗಿ ಮಾವನ ಮುಂದೆ ನಿಂತೆ. ಕೊನೆಗೆ "ಮಾವ, ಡ್ರಾ ಮಾಡ್ಕೊಂಡ್ಬಿಡ್ತಾರಂತೆ" ಎಂದೆ. ಅಷ್ಟೇ ಸಾಕಾಯಿತು. ಮಾವ ಎದ್ದು ಕೂತು, ಕತ್ತಿನ ಟವಲು ಬಿಗಿ ಮಾಡಿಕೊಂಡು, ಚಪ್ಪಲಿ ಹುಡುಕಿದರು.

ಕಣದಲ್ಲಿ ಅವರನ್ನು ಕಂಡು ಎಲ್ಲರೂ ಎದ್ದು ನಿಂತರು. ಪಾಪಾತ್ತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನ್ನ ಗಂಡ ಏನು ಮಾಡುವುದೆಂದು ತೋಚದೆ, ಹಳೆಯ ಅಭ್ಯಾಸದಂತೆ ಟಿವಿಯ ಶಬ್ದ ಬಂದ್ ಮಾಡಿಬಿಟ್ಟರು. ಬಂದ್ ಮಾಡಿದ ಮೇಲೆ ತಾವು ಮಾಡಿದ್ದೇನೆಂದು ಅವರಿಗೆ ಹೊಳೆಯಿತು. ಮತ್ತೆ ಶಬ್ದ ಹಾಕಿದರೆ ಮಾವನಿಗೆ ಅವಮಾನ, ಹಾಕದಿದ್ದರೆ ಇನ್ನೂ ಅವಮಾನ. ರಿಮೋಟು ಹಿಡಿದುಕೊಂಡು ಅವರು ನನ್ನ ಮುಖ ನೋಡಿದರು. ಮಾವನ ಮುಖ ಕಪ್ಪಿಟ್ಟಿತು. ಎದ್ದು ಹೋಗಿಯೇಬಿಡುತ್ತಾರೆ ಎಂದುಕೊಂಡೆ.

ಆಗ ನಾನು ಅವರ ಪಕ್ಕದ ಬೆಂಚಿನ ಮೇಲೆ ಕೂತು, ಬಲಗೈ ಚಾಚಿದೆ. ಜಗಲಿಯ ಮೇಲೆ ಕಡಲೆಮಿಠಾಯಿಗೆ ಚಾಚುತ್ತಿದ್ದ ಹಾಗೆ.

ಮಾವ ನನ್ನ ಕೈ ನೋಡಿದರು. ಬಯಲಲ್ಲಿ ಬೆರಳು ಹಿಡಿಯುವುದು ದಲ್ಲಾಳಿಗಳ ಪದ್ಧತಿಯಲ್ಲ; ಅದು ಬಟ್ಟೆ ಬಿಚ್ಚಿ ನಿಂತ ಹಾಗೆ ಎಂದು ಅವರೇ ಹೇಳುತ್ತಿದ್ದರು. ಟವಲು ಬೇಕು. ಟವಲು ಅವರ ಕತ್ತಿನಲ್ಲಿತ್ತು. ನನ್ನ ಗಂಡ ತಮ್ಮ ಹೆಗಲಿನದನ್ನು ತೆಗೆಯಲು ಹೋದರು. ಮಾವ ಕಣ್ಣಿನಲ್ಲೇ ಬೇಡವೆಂದರು. ದಲ್ಲಾಳಿ ಇನ್ನೊಬ್ಬರ ಟವಲಿನ ಕೆಳಗೆ ಕೈ ಇಡುವುದಿಲ್ಲ. ಆಮೇಲೆ ಎರಡೂ ಕೈ ಎತ್ತಿ ಕತ್ತಿನ ಸುತ್ತುಗಳನ್ನು ಒಂದೊಂದಾಗಿ ಬಿಚ್ಚಿದರು. ಅಷ್ಟು ಜನರ ಎದುರು ಆ ಬಿಳಿಬಟ್ಟೆ, ಉಸಿರಿಗೆ ಅದು ಏಳುವುದು ಇಳಿಯುವುದು, ಎಲ್ಲ ಕಂಡಿತು. ಟವಲನ್ನು ಕೊಡವಿ ನಮ್ಮಿಬ್ಬರ ಕೈ ಮೇಲೆ ಹಾಸಿದರು. ನನಗೆ ಅಳು ಬಂತು, ಆದರೆ ಅಳಲು ಪುರುಸೊತ್ತಿರಲಿಲ್ಲ. ಅರ್ಧ ಬೆರಳು ಆಗಲೇ ನನ್ನ ಅಂಗೈಯನ್ನು ಕುಟ್ಟುತ್ತಿತ್ತು. ಬಾಯಿ ತೆಗಿ, ಬಾಯಿ ತೆಗಿ.

"ಓಡಿ ಬತ್ತಾನೆ" ಎಂದೆ. ನನ್ನ ಧ್ವನಿ ನನಗೇ ಕೇಳಿಸಲಿಲ್ಲ.

ಇನ್ನೊಂದು ಕುಟ್ಟು.

"ಓಡಿ ಬತ್ತಾನೆ! ಓಡಿ ಬತ್ತಾನೆ... ಮುಂಗಾಲು ಎತ್ತಿ ಇಡ್ತಾನೆ, ಹಿಂಗಾಲು ಎಳೀತದೆ..."

"ಅಪ್ಪಡಿ ಸೊಲ್ಲುಂಗಕ್ಕಾ!" ಎಂದು ಪಾಪಾತ್ತಿ ಕೂಗಿದಳು. ಹಾಗೆ ಹೇಳಿ ಅಕ್ಕಾ! ಚಪ್ಪರಕ್ಕೆ ಜೀವ ಬಂತು.

ನನಗೆ ಹೊಸದಾಗಿ ಏನೂ ಕಟ್ಟಬೇಕಿರಲಿಲ್ಲ. ಹುಟ್ಟಿದಾಗಿನಿಂದ ಕೇಳಿದ ಮಾತುಗಳು ಹೊಟ್ಟೆಯೊಳಗೆ ಇದ್ದವು. ಯಾವಾಗ ಯಾವುದನ್ನು ಹೇಳಬೇಕೆಂದು ಬೆರಳುಗಳು ತಿಳಿಸುತ್ತಿದ್ದವು. ಎರಡು ಬೆರಳು ಹಿಡಿದರೆ ಎರಡು ರನ್ನು. ಮಣಿಕಟ್ಟು ಹಿಡಿದರೆ ಹುಷಾರು. ಅಂಗೈಗೆ ಹೆಬ್ಬೆರಳು ಒತ್ತಿದರೆ ನುಗ್ಗು. ಅರ್ಧ ಬೆರಳು ತಾಗಿದರೆ ಅನುಮಾನ. ಮೊದಲ ಅರ್ಧ ಗಂಟೆ ತಡವರಿಸಿದೆ, ಒಮ್ಮೆ ಅವರು ಕೈ ಬೆವರಿದ್ದಕ್ಕೆ ಬೆರಳು ಸರಿಸಿಕೊಂಡರೆ ನಾನು "ಮೂರು ರನ್ನು!" ಎಂದು ಕೂಗಿದೆ; ಎಲ್ಲರೂ ನಕ್ಕರು, ಮಾವ ನನ್ನ ಕೈ ಚಿವುಟಿದರು. ಆಮೇಲೆ ದಾರಿ ಸಿಕ್ಕಿತು.

ಹತ್ತು ಗಂಟೆ ದಾಟುವ ಹೊತ್ತಿಗೆ ಆಟ ಡ್ರಾ ಕಡೆಗೆ ವಾಲಿತ್ತು. ಬೇಕಾದ ರನ್ನು ಬಹಳ, ಉಳಿದ ವಿಕೆಟ್ಟು ಕಡಿಮೆ. ಪರದೆಯ ಕೆಳಗೆ ಬರುತ್ತಿದ್ದ ಲೆಕ್ಕವೂ ಡ್ರಾ ಎಂದೇ ಹೇಳುತ್ತಿತ್ತು. ಮಾವನ ಹೆಬ್ಬೆರಳು ಅಂಗೈಗೆ ಒತ್ತಿತು. ನಾನು ಅವರ ಮುಖ ನೋಡಿದೆ. ಅಲ್ಲಿ ಏನೂ ಇರಲಿಲ್ಲ, ಸಂತೆಯ ಮುಖ. ಹೆಬ್ಬೆರಳು ಇನ್ನೂ ಗಟ್ಟಿಯಾಗಿ ಒತ್ತಿತು.

"ಎತ್ತು ಮನೆಗೆ ಬರಲ್ಲ!" ಎಂದು ನಾನು ಕೂಗಿದೆ. "ಮಾರೇ ಬರೋದು! ನಮ್ಮೋರು ಗೆಲ್ಲೋದಕ್ಕೇ ಹೋಯ್ತಾರೆ!"

"ಆಸೆಗೂ ಒಂದು ಅಳತೆ ಬೇಡವೇ" ಎಂದು ನನ್ನ ಗಂಡ ಗೊಣಗಿದರು. ಅಷ್ಟರಲ್ಲಿ ನಮ್ಮ ಬಾಯಿಗೂಡಿದ ಎತ್ತು ಮುಂದೆ ಕಾಲಿಟ್ಟು ಚೆಂಡನ್ನು ಗ್ಯಾಲರಿಗೆ ಎತ್ತಿ ಹೊಡೆದ. ಅದರ ಹಿಂದೆಯೇ ಇನ್ನೊಂದು. ಕಣದಲ್ಲಿ ಕುರ್ಚಿಗಳು ಬಿದ್ದವು. ಅಲ್ಲಿಂದ ಆಟವೇ ತಿರುಗಿತು; ಓಡುವುದು, ಹೊಡೆಯುವುದು, ನಡುವೆ ಒಂದೊಂದೇ ವಿಕೆಟ್ಟು ಬೀಳುವುದು. ವಿಕೆಟ್ಟು ಬಿದ್ದಾಗಲೆಲ್ಲ ಮಾವನ ಕೈ ತಣ್ಣಗಾಗುತ್ತಿತ್ತು, ಆದರೆ ಸಡಿಲವಾಗುತ್ತಿರಲಿಲ್ಲ. ಅತ್ತೆ ಗೋಡೆಯಾಚೆಯಿಂದ ಗಂಜಿಯ ಲೋಟ ತಂದು ನಿಂತಿದ್ದರು. ಒಂದು ಓವರು ಮುಗಿದಾಗ ಮಾವ ಎಡಗೈಯಲ್ಲಿ ಅದನ್ನು ಇಸಿದುಕೊಂಡು ಒಂದೇ ಗುಟುಕಿಗೆ ಕುಡಿದು, ಖಾಲಿ ಲೋಟವನ್ನು ನೋಡದೆಯೇ ಹಿಂದಕ್ಕೆ ಕೊಟ್ಟರು. ಅತ್ತೆ ಲೋಟವನ್ನು ಎದೆಗೊತ್ತಿಕೊಂಡು ಅಲ್ಲೇ ನೆಲದ ಮೇಲೆ ಕೂತರು.

ಬಾಯಿಗೂಡಿದ ಎತ್ತೂ ಔಟಾದ. ದಿನದ ಕೊನೆಯ ಓವರಿಗೆ ಬಂದಾಗ ನಮ್ಮದು ಕೊನೆಯ ಜೋಡಿ. ಗೆಲ್ಲಲು ಮೂರು ರನ್ನು. ಬ್ಯಾಟು ಹಿಡಿದು ನಿಂತವನು ಆ ಸರಣಿಯಲ್ಲೇ ಮೊದಲ ಸಲ ಆಡಿದ ಬೌಲರ್ ಹುಡುಗ, ಶುದ್ಧ ಎರಡು ಹಲ್ಲಿನವ. ಎರಡು ಚೆಂಡು ಹೇಗೋ ತಡೆದ. ಮೂರನೆಯದು ಪ್ಯಾಡಿಗೆ ಬಡಿಯಿತು. ಹನ್ನೊಂದು ಜನ ಒಟ್ಟಿಗೆ ಅರಚಿದರು. ಅಂಪೈರ್ ಬೆರಳು ಎತ್ತಿದ.

ಚಪ್ಪರದ ಕೆಳಗೆ ಯಾರೋ ತಲೆ ಚಚ್ಚಿಕೊಂಡರು. ಹಿಂದೆ ನಿಂತಿದ್ದವರು ಹೊರಡಲು ಚಪ್ಪಲಿ ಮೆಟ್ಟಿದರು. ನನಗೆ ಆಟಕ್ಕಿಂತ ಮಾವನದೇ ಚಿಂತೆ. ಈಗ ಅವರು ಕೈ ಎಳೆದುಕೊಂಡರೆ ಮತ್ತೆ ಗೋಡೆಯ ಕಡೆಗೇ ತಿರುಗುತ್ತಾರೆ. ಆದರೆ ಟವಲಿನ ಕೆಳಗೆ ಕೈ ಇನ್ನೂ ಇತ್ತು. ಅರ್ಧ ಬೆರಳು ನನ್ನ ಅಂಗೈಯಲ್ಲಿ ಎಡಕ್ಕೂ ಬಲಕ್ಕೂ ಅಲ್ಲಾಡುತ್ತಿತ್ತು.

ಆ ಅರ್ಧ ಬೆರಳು ಯಾವತ್ತೂ ಸರಿ ಹೇಳಿದ್ದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಅವತ್ತು ಅವರ ಬಾಯಿ ನಾನು. ಎದ್ದು ನಿಂತೆ, ಕೈ ಬಿಡಬಾರದಾದ್ದರಿಂದ ಅವರೂ ಎದ್ದರು.

"ಔಟಿಲ್ಲ!" ಎಂದೆ. ಅಷ್ಟು ಜೋರಾಗಿ ನಾನು ಅದಕ್ಕೆ ಮೊದಲು ಯಾವತ್ತೂ ಕೂಗಿರಲಿಲ್ಲ. "ಅರ್ಧ ಬೆರಳು! ಔಟಿಲ್ಲ! ಯಾರೂ ಹೋಗ್ಬೇಡಿ, ಯಾವಾರ ಇನ್ನ ಮುರೀಲಿಲ್ಲೆ!"

ಆ ಹುಡುಗನೂ ಎರಡು ಕೈ ಕೂಡಿಸಿ ಮರುಪರಿಶೀಲನೆ ಕೇಳಿದ. ಪರದೆಯಲ್ಲಿ ಚೆಂಡು ನಿಧಾನವಾಗಿ ಬಂತು. ಬ್ಯಾಟಿನ ಹತ್ತಿರ ಬಂದಾಗ ಕೆಳಗಿನ, ಸದ್ದು ತೋರಿಸುವ ಗೆರೆ ನೆಟ್ಟಗೆ ಇತ್ತು. ಇನ್ನೊಂದು ಚಿತ್ರ. ಬ್ಯಾಟಿನ ಅಂಚು ದಾಟುವಾಗ ಗೆರೆ ಚಿಟ್ಟನೆ ಮೇಲೆದ್ದಿತು. ಬ್ಯಾಟಿಗೆ ತಾಗಿದೆ, ಔಟಿಲ್ಲ! ಮಾವನ ಜನ್ಮದಲ್ಲಿ ಮೊದಲ ಸಲ ಅರ್ಧ ಬೆರಳು ಗೆದ್ದಿತು. ಅದು ಜ್ಞಾನವೋ ಬರೀ ಹಠವೋ ನಾನು ಈಗಲೂ ಹೇಳಲಾರೆ. ಹಠವೇ ಇರಬೇಕು. ಪಾಪಾತ್ತಿ ಓಡಿ ಬಂದು ಆ ಕೈಗೆ, ಟವಲಿನ ಮೇಲೆಯೇ, ನಮಸ್ಕಾರ ಮಾಡಿದಳು.

ಆಸ್ಟ್ರೇಲಿಯಾದವರು ಎಲ್ಲ ಫೀಲ್ಡರುಗಳನ್ನೂ ಹತ್ತಿರ ತಂದು ನಿಲ್ಲಿಸಿದರು. ಮಾವ ನನ್ನ ನಾಲ್ಕು ಬೆರಳು ಹಿಡಿದರು. ನಾನು ಒಂದು ಬಿಡಿಸಿಕೊಳ್ಳಲು ನೋಡಿದೆ. ಹೇಗಾದರೂ ಒಂದೊಂದು ರನ್ನು ಓಡಲಿ ಎಂದು. ಬಿಡಲಿಲ್ಲ.

"ನಾಕು!" ಎಂದೆ. "ಮಾವ ನಾಕು ಹಿಡ್ದವ್ರೆ. ಒಂದೂ ಕಮ್ಮಿಗೆ ಇಳಿಯಲ್ಲ. ಓಡಿ ಬತ್ತಾನೆ... ಓಡಿ ಬತ್ತಾನೆ..."

ಎರಡು ಹಲ್ಲಿನವನು ಕಣ್ಣು ಮುಚ್ಚಿಕೊಂಡೇ ಬೀಸಿದನೋ ಏನೋ. ಚೆಂಡು ಬೌಲರಿನ ತಲೆಯ ಮೇಲೆ ಹಾರಿ, ಹುಲ್ಲಿನ ಮೇಲೆ ಒಮ್ಮೆ ಪುಟಿದು, ಯಾರೂ ಇಲ್ಲದ ಕಡೆಗೆ ಉರುಳಿತು. ಅದು ಬೌಂಡರಿಯ ಹಗ್ಗ ಮುಟ್ಟುವವರೆಗೆ ನಾನು ಏನು ಕೂಗಿದೆನೋ ನನಗೆ ನೆನಪಿಲ್ಲ. ಕನ್ನಡವೋ ತಮಿಳೋ ಅದೂ ಗೊತ್ತಿಲ್ಲ. ರಸ್ತೆಯಲ್ಲಿ ಹೋಗುತ್ತಿದ್ದ ಬಸ್ಸು ನಿಂತಿತು ಎಂದು ಆಮೇಲೆ ಹೇಳಿದರು. ಮಾವ ಟವಲನ್ನು ಕಿತ್ತೆಳೆದರು. ಬಾಯಿ ಅಗಲವಾಗಿ ತೆರೆದರು. ಶಬ್ದ ಬರಲಿಲ್ಲ, ಕತ್ತಿನ ಬಿಳಿಬಟ್ಟೆ ಮಾತ್ರ ಸುಯ್ ಸುಯ್ ಎಂದು ಹಾರಿತು. ಅವರು ನಗುತ್ತಿದ್ದರು. ನನ್ನ ಕಡೆ ತಿರುಗಿ ಕಾದರು.

"ಮುಗೀತು!" ಎಂದು ನಾನು ಕೂಗಿದೆ.

ಮಾವ ಟವಲನ್ನು ಎಸೆದರು. ಅದು ಬಿದ್ದದ್ದು ಅವರ ಹೆಗಲಿಗಲ್ಲ, ನನ್ನ ಹೆಗಲಿಗೆ. ನಮ್ಮ ಕಡೆ ಹೆಂಗಸರು ಹೆಗಲಿಗೆ ಟವಲು ಹಾಕುವುದಿಲ್ಲ. ನಾನು ತೆಗೆಯಲು ಹೋದರೆ ಅವರು ಕೈ ಅಡ್ಡ ಹಿಡಿದರು. ಹಾಗೆಯೇ ಬರೀ ಕತ್ತಿನಲ್ಲಿ, ಎಲ್ಲರ ನಡುವೆ ನಡೆದು, ಪಟಾಕಿ ಹಚ್ಚುತ್ತಿದ್ದವರಿಗೆ ಬೆನ್ನು ತಟ್ಟುತ್ತಾ ಮನೆಗೆ ಹೋದರು. ಅತ್ತೆ ಖಾಲಿ ಲೋಟ ಹಿಡಿದು ಹಿಂದಿಂದೆ ಹೋದರು.

ಅದರ ನಂತರದ ಸಂತೆಗೆ ಮಾವ ಹೊಸ ಟವಲು ಹೆಗಲಿಗೆ ಹಾಕಿಕೊಂಡು ಮೊದಲ ಬಸ್ಸಿಗೇ ಹೊರಟರು. ಅತ್ತೆ ಬೇಡವೆಂದು ಗಲಾಟೆ ಮಾಡಿ ಸೋತರು. ಸಂತೆಯಲ್ಲಿ ಅವರಿಗೆ ಮೊದಲೂ ಬಾಯಿ ಬೇಕಿರಲಿಲ್ಲವಲ್ಲ. "ಮುಗೀತು" ಎಂದು ಕೂಗಲು ಮಾತ್ರ ಜನ ಬೇಕಿತ್ತು. ಅದಕ್ಕೆ ಸುತ್ತ ನಿಂತವರೆಲ್ಲ ಸೇರಿ ಕೂಗುವುದು ಅಲ್ಲಿ ರೂಢಿಯಾಯಿತಂತೆ. ಒಂದು ಜೋಡಿ ಕಾಂಗೇಯದ ಎತ್ತಿನ ವ್ಯಾಪಾರ ಮಾಡಿಸಿಕೊಟ್ಟ ದಿನ ಕಣಕ್ಕೆ ಬಂದು, ಟವಲು ಹಾಸಿ, ಅಷ್ಟೂ ಕಥೆಯನ್ನು ನನ್ನ ಬೆರಳಿಗೆ ಹೇಳಿದರು. ಎತ್ತು ಎಷ್ಟು ದೊಡ್ಡದು ಎಂದು ತೋರಿಸಲು ಮಾತ್ರ ಟವಲು ಬಿಸಾಕಿ ಎರಡೂ ಕೈ ಚಾಚಬೇಕಾಯಿತು.

ಆಮೇಲೆ ಮೂರು ವರ್ಷ ನಾವಿಬ್ಬರೂ ಸೇರಿ ಕಾಮೆಂಟರಿ ಹೇಳಿದೆವು. ಗಂಟು ಮತ್ತೆ ಬಂದಾಗ ಮಾವ ಹಾಸಿಗೆ ಹಿಡಿದರು. ಅವರ ಕೊನೆಯ ಮಧ್ಯಾಹ್ನವೂ ಒಂದು ಆಟವಿತ್ತು. ಮಂಚದ ಪಕ್ಕ ಕೂತು ನಾನು ಮೆಲ್ಲಗೆ ಹೇಳುತ್ತಿದ್ದೆ, ಟವಲಿನ ಕೆಳಗೆ ಅವರ ಕೈ ನನ್ನ ಕೈಯಲ್ಲಿತ್ತು. ನಮ್ಮವರು ಗೆಲ್ಲುವ ಹತ್ತಿರವಿದ್ದರು. ಬೆರಳುಗಳು ಯಾವಾಗ ಸುಮ್ಮನಾದವು ಎಂದು ಅತ್ತೆಗೆ ನನಗಿಂತ ಮೊದಲು ತಿಳಿಯಿತು.

"ಕೈ ಬಿಡು ಅಮ್ಮಣಿ. ಮಾವ ಹೋಗಿ ಆಯ್ತು" ಎಂದರು.

"ಸ್ವಲ್ಪ ಇರಿ ಅತ್ತೆ. ಇನ್ನ ಯಾವಾರ ಆಗ್ಲಿಲ್ಲೆ" ಎಂದೆ. ಗೆಲುವಿನ ರನ್ನು ಬರುವವರೆಗೆ ಹೇಳುತ್ತಲೇ ಇದ್ದೆ. ಆಮೇಲೆ ನಾನೇ ಟವಲು ತೆಗೆದೆ. "ಮುಗೀತು ಮಾವ" ಎಂದೆ. ಅತ್ತೆ ಆಗ ಅತ್ತರು, ನಾನೂ ಅತ್ತೆ.

ಚಾಮರಾಜನಗರದಿಂದ ಸೊಸೆಯಾಗಿ ಬಂದ, ನನ್ನ ತಮ್ಮನ ಹೆಂಡತಿಯ ಹತ್ತಿರ ಕನ್ನಡ ಅಕ್ಷರ ಕಲಿತದ್ದು ಮಾವ ಹೋದ ಮೇಲೆ. ಅದಕ್ಕೇ ಇದನ್ನು ಬರೆಯಲು ಸಾಧ್ಯವಾಯಿತು. ಬರೆಯುವಾಗ ಅವಳ ಕನ್ನಡದಲ್ಲಿ ಬರೆಯುತ್ತೇನೆ, ಕೂಗುವಾಗ ನನ್ನದರಲ್ಲಿ ಕೂಗುತ್ತೇನೆ. ನನ್ನ ಮಾತಿಗೆ ಈಗ ನಗುವವರಿದ್ದರೆ ನಗಲಿ. ಕಣದ ಚಪ್ಪರದಲ್ಲಿ ಜಾಗ ಸಾಲದೆ ಜನ ಗೋಡೆಯ ಮೇಲೆ ಕೂರುತ್ತಾರೆ. ನನ್ನ ಗಂಡ ಟಿವಿಯ ಶಬ್ದ ಬಂದ್ ಮಾಡುತ್ತಾರೆ. ಪಾಪಾತ್ತಿ "ಸೊಲ್ಲುಂಗಕ್ಕಾ" ಎನ್ನುತ್ತಾಳೆ. ನಾನು ಮಾವನ ಟವಲನ್ನು ಹೆಗಲಿಂದ ತೆಗೆದು ಬಲಗೈ ಮೇಲೆ ಹಾಸಿಕೊಳ್ಳುತ್ತೇನೆ. ನಮ್ಮವರಿಗೆ ಎಲ್‌ಬಿಡಬ್ಲ್ಯೂ ಕೊಟ್ಟರೆ ಸಾಕು, ಅದರ ಕೆಳಗೆ ನನ್ನ ತೋರುಬೆರಳು ತಾನಾಗಿಯೇ ಅರ್ಧಕ್ಕೆ ಮಡಚಿಕೊಳ್ಳುತ್ತದೆ.

"ಔಟಿಲ್ಲ!" ಎಂದು ಕೂಗುತ್ತೇನೆ. ಹೆಚ್ಚಾಗಿ ಔಟೇ ಆಗಿರುತ್ತದೆ.